ಕ್ಯೂ ಕೋಲಿನ ತುದಿ: ಅಸಲಿ, ನಕಲಿ ಮತ್ತು ಕಾನೂನಿನ ಕಣ್ತಪ್ಪಿದ ಸಣ್ಣ ವಸ್ತು

ಪೂಲ್, ಸ್ನೂಕರ್, ಬಿಲಿಯರ್ಡ್ಸ್ ಆಟಗಳಲ್ಲಿ ಚೆಂಡನ್ನು ಮುಟ್ಟುವುದು ಮರದ ಕೋಲಲ್ಲ, ಕೋಲಿನ ತುದಿಗೆ ಅಂಟಿಸಿದ ಹುಣಿಸೆಬೀಜದ ಗಾತ್ರದ ಚರ್ಮದ ಬಿಲ್ಲೆ. ಆಟಗಾರರು ಇದನ್ನು ‘ಟಿಪ್’ ಎನ್ನುತ್ತಾರೆ. ಇದು ಸವೆಯುವ ವಸ್ತು. ಕೆಲವು ತಿಂಗಳಿಗೊಮ್ಮೆ ಬದಲಾಯಿಸಲೇಬೇಕು. ಒಂದು ಕಾಲದಲ್ಲಿ ಪೆಟ್ಟಿಗೆಯ ಲೆಕ್ಕದಲ್ಲಿ ಚಿಲ್ಲರೆ ಹಣಕ್ಕೆ ಸಿಗುತ್ತಿದ್ದ ಈ ಬಿಲ್ಲೆ ಇಂದು ಹೆಸರಾಂತ ತಯಾರಕರದಾದರೆ ಒಂದಕ್ಕೇ ಇಪ್ಪತ್ತು ಡಾಲರ್ ದಾಟುತ್ತದೆ. ಬೆಲೆ ಏರಿದೊಡನೆ ನಕಲಿಯೂ ಹುಟ್ಟಿತು. ಜಪಾನಿನ ಕಮುಯಿಯಂತಹ ಹೆಸರುಗಳನ್ನು ಹೊತ್ತ ನಕಲಿ ಬಿಲ್ಲೆಗಳು ಆನ್‌ಲೈನ್ ಮಾರುಕಟ್ಟೆಗಳಲ್ಲಿ ವರ್ಷಗಳಿಂದ ಹರಿದಾಡುತ್ತಿವೆ.

ಇಷ್ಟು ಸಣ್ಣ ವಸ್ತುವಿನ ಬಗ್ಗೆ ಇಷ್ಟು ಯೋಚನೆ ಬೇಕೇ ಎಂಬ ಪ್ರಶ್ನೆ ಸಹಜ. ಆರ್ಥಿಕ ಸಹಕಾರ ಮತ್ತು ಅಭಿವೃದ್ಧಿ ಸಂಘಟನೆ ಹಾಗೂ ಐರೋಪ್ಯ ಒಕ್ಕೂಟದ ಬೌದ್ಧಿಕ ಸ್ವತ್ತಿನ ಕಚೇರಿ ಜೊತೆಗೂಡಿ 2025ರಲ್ಲಿ ಪ್ರಕಟಿಸಿದ ಅಂದಾಜಿನಂತೆ 2021ರಲ್ಲಿ ಜಗತ್ತಿನ ನಕಲಿ ಸರಕಿನ ವ್ಯಾಪಾರ 467 ಬಿಲಿಯನ್ ಡಾಲರ್. ಅಂದರೆ ಒಟ್ಟು ಆಮದಿನ ಶೇ. 2.3. ಕೈಗಡಿಯಾರ, ಪಾದರಕ್ಷೆ, ಔಷಧಗಳ ನಕಲಿಗೆ ಸುದ್ದಿಯಲ್ಲಿ ಜಾಗವಿದೆ. ಆದರೆ ಹತ್ತಿಪ್ಪತ್ತು ಡಾಲರಿನ ಬಿಡಿಭಾಗಗಳ ನಕಲಿ ಸದ್ದಿಲ್ಲದೆ ಸಾಗುತ್ತದೆ. ಅದು ಏಕೆ ತಪ್ಪಿಸಿಕೊಳ್ಳುತ್ತದೆ ಎಂಬುದನ್ನು ತಿಳಿಯಲು ಕ್ಯೂ ಕೋಲಿನ ತುದಿಗಿಂತ ಒಳ್ಳೆಯ ನಿದರ್ಶನ ಸಿಗಲಾರದು. ಈ ಬಿಲ್ಲೆಯ ಅಸಲಿತನವನ್ನು ಬಿಲ್ಲೆಯನ್ನೇ ನೋಡಿ ತೀರ್ಮಾನಿಸುವುದು ಬಹುಮಟ್ಟಿಗೆ ಅಸಾಧ್ಯ. ಅದು ಯಾವ ಕೈಗಳನ್ನು ದಾಟಿ ಬಂತೆಂಬುದೇ ನಿಜವಾದ ಸಾಕ್ಷ್ಯ. ನಮ್ಮ ಮಾರುಕಟ್ಟೆಗಳು ಆ ದಾರಿಯನ್ನೇ ಮರೆಮಾಡುತ್ತವೆ. ಕಾನೂನುಗಳು ದಾರಿಯನ್ನು ಬಯಲುಮಾಡಲು ಹೊರಟರೂ ಸಣ್ಣ ಮೊತ್ತಗಳ ಹೊಸ್ತಿಲಲ್ಲಿ ನಿಂತುಬಿಡುತ್ತವೆ.

ಬಿಲ್ಲೆಯ ಕೆಲಸ

ಕೋಲಿಗೆ ಚರ್ಮದ ತುದಿ ಬಂದದ್ದು ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲಿ. ಇದರ ಕೀರ್ತಿಯನ್ನು ಸಾಮಾನ್ಯವಾಗಿ ಫ್ರೆಂಚ್ ಸೇನಾಧಿಕಾರಿ ಫ್ರಾಂಸ್ವಾ ಮ್ಯಾಂಗೋಗೆ ಸಲ್ಲಿಸಲಾಗುತ್ತದೆ. ಬರಿಯ ಮರದ ತುದಿ ಚೆಂಡಿನ ಮಧ್ಯಭಾಗ ಬಿಟ್ಟು ಬೇರೆಡೆ ತಗುಲಿದರೆ ಜಾರುತ್ತಿತ್ತು. ಚರ್ಮ ಬಂದ ಮೇಲೆ ಚೆಂಡಿನ ಬದಿಗೆ, ಮೇಲೆ, ಕೆಳಗೆ ಹೊಡೆದು ಅದನ್ನು ಬೇಕಾದಂತೆ ತಿರುಗಿಸುವುದು ಸಾಧ್ಯವಾಯಿತು. 1897ರಲ್ಲಿ ಅಮೆರಿಕದ ವಿಲಿಯಂ ಸ್ಪಿಂಕ್ಸ್ ಮತ್ತು ವಿಲಿಯಂ ಹಾಸ್ಕಿನ್ಸ್ ತುದಿಗೆ ಬಳಿಯುವ ಆಧುನಿಕ ಚಾಕ್‌ಗೆ ಪೇಟೆಂಟ್ ಪಡೆದರು. ಇಂದಿನ ಆಟದ ಕೌಶಲವೆಲ್ಲ ಚರ್ಮ ಮತ್ತು ಚಾಕ್‌ಗಳ ಈ ಘರ್ಷಣೆಯ ಮೇಲೆಯೇ ನಿಂತಿದೆ.

ತುದಿಯೂ ಚೆಂಡೂ ಒಂದನ್ನೊಂದು ಮುಟ್ಟಿರುವ ಅವಧಿ ಸುಮಾರು ಒಂದು ಸೆಕೆಂಡಿನ ಸಾವಿರದಲ್ಲೊಂದು ಭಾಗ. ಪೂಲ್ ಚೆಂಡಿನ ವ್ಯಾಸ 57.15 ಮಿಲಿಮೀಟರ್. ಕೇಂದ್ರದಿಂದ ತ್ರಿಜ್ಯದ ಸುಮಾರು ಅರ್ಧದಷ್ಟು, ಅಂದರೆ ಹದಿನಾಲ್ಕು ಮಿಲಿಮೀಟರಿನಷ್ಟು ಆಚೆಗೆ ಹೊಡೆದರೆ ಚೆನ್ನಾಗಿ ಚಾಕ್ ಬಳಿದ ತುದಿಯೂ ಜಾರತೊಡಗುತ್ತದೆ. ಚರ್ಮ ಹೊಳಪುಗಟ್ಟಿ ಚಾಕ್ ಹಿಡಿಯದಿದ್ದರೆ, ಅಥವಾ ಪದರ ಸಡಿಲವಾಗಿದ್ದರೆ, ಈ ಮಿತಿ ಇನ್ನಷ್ಟು ಕುಗ್ಗುತ್ತದೆ. ಅಳತೆ ತಪ್ಪದ ಹೊಡೆತವೂ ಆಗ ಹಾಳಾಗುತ್ತದೆ. ಆಟಗಾರ ಮೊದಲು ತನ್ನ ಕೈಯನ್ನೇ ಅನುಮಾನಿಸುತ್ತಾನೆ. ನಕಲಿ ತುದಿಯಿಂದಾಗುವ ದೊಡ್ಡ ನಷ್ಟ ಇದೇ. ಕಳೆದ ಹಣ ಸಣ್ಣದು. ತಪ್ಪು ತನ್ನದೋ ಚರ್ಮದ್ದೋ ಎಂದು ತಿಳಿಯದೆ ವಾರಗಟ್ಟಲೆ ಮಾಡಿದ ಅಭ್ಯಾಸ ಸಣ್ಣದಲ್ಲ.

ಕನ್ನಡಿಗರಿಗೆ ಈ ಆಟ ಪರಕೀಯವೇನಲ್ಲ. ಸ್ನೂಕರ್ ಹುಟ್ಟಿದ್ದು 1875ರಲ್ಲಿ ಜಬಲ್ಪುರದ ಸೇನಾ ನೆಲೆಯಲ್ಲಿ. ಅದರ ನಿಯಮಗಳು ರೂಪು ತಳೆದದ್ದು ನಮ್ಮ ನೆರೆಯ ಊಟಿಯ ಕ್ಲಬ್ಬಿನಲ್ಲಿ. ಬಾಲ್ಯದ ಕೆಲವು ವರ್ಷಗಳನ್ನು ಕುವೈತಿನಲ್ಲಿ ಕಳೆದು ಬೆಂಗಳೂರಿಗೆ ಬಂದ ಪಂಕಜ್ ಅಡ್ವಾಣಿ, ಕರ್ನಾಟಕ ರಾಜ್ಯ ಬಿಲಿಯರ್ಡ್ಸ್ ಸಂಸ್ಥೆಯಲ್ಲಿ ಅರವಿಂದ್ ಸವೂರ್ ಅವರ ಬಳಿ ಕಲಿತು ಇಪ್ಪತ್ತೈದಕ್ಕೂ ಹೆಚ್ಚು ವಿಶ್ವ ಪ್ರಶಸ್ತಿಗಳನ್ನು ಗೆದ್ದರು. ಇಂದು ಅಮೆರಿಕದ ವಸತಿ ಸಮುಚ್ಚಯಗಳ ಕ್ಲಬ್‌ಹೌಸಿನಲ್ಲಿ, ಮನೆಯ ನೆಲಮಾಳಿಗೆಯಲ್ಲಿ, ಇಂಗ್ಲೆಂಡಿನ ಸ್ನೂಕರ್ ಹಾಲ್‌ಗಳಲ್ಲಿ ಕೋಲು ಹಿಡಿಯುವ ಕನ್ನಡಿಗರಿದ್ದಾರೆ. ಈ ಲೇಖನದ ವಿಷಯ ಅವರಿಗೆ ನೇರವಾಗಿ ಸಂಬಂಧಿಸಿದ್ದು.

ಬೆಲೆ ಎಲ್ಲಿಂದ ಬಂತು

ಹಳೆಯ ಕಾಲದ ಬಿಲ್ಲೆ ಒಂದೇ ತುಂಡು ಚರ್ಮ. ಷಿಕಾಗೋದ ಟ್ವೀಟನ್ ಸಂಸ್ಥೆಯ ಎಲ್ಕ್ ಮಾಸ್ಟರ್, ಲೆ ಪ್ರೊಫೆಷನಲ್ ಮೊದಲಾದವು ಈ ಬಗೆಯವು. ಇವು ಅಗ್ಗ. ಆದರೆ ಒಂದೇ ಪೆಟ್ಟಿಗೆಯ ಎರಡು ಬಿಲ್ಲೆಗಳು ಒಂದೇ ಗಟ್ಟಿತನದವಾಗಿರುತ್ತವೆ ಎಂಬ ಭರವಸೆಯಿಲ್ಲ, ಏಕೆಂದರೆ ಒಂದು ಚರ್ಮದ ಎಲ್ಲ ಭಾಗವೂ ಒಂದೇ ಬಿಗಿಯಲ್ಲಿರುವುದಿಲ್ಲ. ಎಲ್ಕ್ ಮಾಸ್ಟರ್ ಬಿಲ್ಲೆಯನ್ನು ಹಾಲಿನಲ್ಲಿ ನೆನೆಸಿ, ಒಣಗಿಸಿ, ಇಕ್ಕುಳದಲ್ಲಿ ಒತ್ತಿ ಗಟ್ಟಿ ಮಾಡಿಕೊಳ್ಳುವ ರೂಢಿ ಆಟಗಾರರಲ್ಲಿ ಇಂದಿಗೂ ಇದೆ.

ಇಪ್ಪತ್ತನೆಯ ಶತಮಾನದ ಕೊನೆಯ ದಶಕಗಳಲ್ಲಿ ಜಪಾನಿನಿಂದ ಪದರದ ಬಿಲ್ಲೆಗಳು ಬಂದವು. ಹದ ಮಾಡಿದ ಹಂದಿಚರ್ಮವನ್ನು ತೆಳು ಹಾಳೆಗಳಾಗಿ ಸೀಳಿ, ಒಂದರ ಮೇಲೊಂದಿಟ್ಟು ಅಂಟಿಸಿ, ಒತ್ತಡದಲ್ಲಿ ಬಿಗಿಸಿ, ಬಿಲ್ಲೆಗಳಾಗಿ ಕತ್ತರಿಸಿ, ಬಳಿಕ ಮೃದು, ಮಧ್ಯಮ, ಗಟ್ಟಿ ಎಂದು ವಿಂಗಡಿಸುವ ವಿಧಾನ ಇದು. ಕೊಳ್ಳುವವನು ಹೆಚ್ಚಿನ ಹಣ ಕೊಡುವುದು ಮುಖ್ಯವಾಗಿ ಈ ವಿಂಗಡಣೆಗೆ. ಇಂದು ಕೊಂಡ ಮಧ್ಯಮ ದರ್ಜೆಯ ಬಿಲ್ಲೆಯೂ ಆರು ತಿಂಗಳ ನಂತರ ಕೊಳ್ಳುವ ಮಧ್ಯಮ ದರ್ಜೆಯದ್ದೂ ಒಂದೇ ಬಗೆಯಲ್ಲಿ ವರ್ತಿಸಬೇಕು. ಬೆಲೆಗೆ ತಕ್ಕ ವಾಗ್ದಾನ ಅದು. ನಕಲಿಯವನು ಚರ್ಮ ತರಬಲ್ಲ, ಅಂಟಿಸಬಲ್ಲ, ಹೆಸರನ್ನೂ ಅಚ್ಚೊತ್ತಬಲ್ಲ. ಹದ, ಒತ್ತಡ, ವಿಂಗಡಣೆಗಳ ಖರ್ಚನ್ನು ಮಾತ್ರ ಉಳಿಸಿಕೊಳ್ಳುತ್ತಾನೆ. ಅವನ ಲಾಭ ಇರುವುದು ಹೊರಗಣ್ಣಿಗೆ ಕಾಣದ ಆ ಭಾಗದಲ್ಲೇ.

ನಕಲಿ ಎಂದರೆ ಯಾವುದು

ಇಲ್ಲಿ ಮೂರು ಬಗೆಗಳನ್ನು ಬೇರ್ಪಡಿಸಿ ನೋಡಬೇಕು. ಒಬ್ಬ ತಯಾರಕನ ಹೆಸರನ್ನೂ ಗುರುತನ್ನೂ ಅನುಮತಿಯಿಲ್ಲದೆ ಬಳಸಿದ್ದು ನಕಲಿ. ಇದು ಎಲ್ಲ ದೇಶಗಳಲ್ಲೂ ಕಾನೂನುಬಾಹಿರ. ಅದೇ ಬಗೆಯ ಪದರದ ಬಿಲ್ಲೆಯನ್ನು ತನ್ನದೇ ಹೆಸರಿನಲ್ಲಿ ಅಗ್ಗವಾಗಿ ಮಾರುವುದು ಸ್ಪರ್ಧೆ, ಅದರಲ್ಲಿ ಮೋಸವಿಲ್ಲ. ಹಲವು ಆಟಗಾರರು ಇಂತಹವನ್ನು ಅರಿತೇ ಕೊಳ್ಳುತ್ತಾರೆ. ಅಸಲಿ ಸರಕನ್ನೇ ಒಂದು ದೇಶದಲ್ಲಿ ಕೊಂಡು, ಅಧಿಕೃತ ಮಾರಾಟಗಾರನಲ್ಲದವನು ಇನ್ನೊಂದು ದೇಶದಲ್ಲಿ ಮಾರುವುದು ಮೂರನೆಯ ಬಗೆ. ಇಲ್ಲಿ ಬಿಲ್ಲೆ ಅಸಲಿಯೇ, ಆದರೆ ತಯಾರಕನ ಹೊಣೆ ಅದರ ಜೊತೆಗೆ ಬರದಿರಬಹುದು. ‘ಬೆಲೆ ಕಡಿಮೆ, ಆದ್ದರಿಂದ ನಕಲಿ’ ಎಂಬ ತೀರ್ಮಾನ ಈ ಮೂರನೆಯ ಬಗೆಯಲ್ಲಿ ಎಡವುತ್ತದೆ. ‘ಅಧಿಕೃತವಲ್ಲ, ಆದರೂ ಅಸಲಿ’ ಎಂಬ ಮಾರಾಟಗಾರನ ಸಮಜಾಯಿಷಿ ನಕಲಿಗೂ ಒಳ್ಳೆಯ ಮುಸುಕಾಗುತ್ತದೆ.

ಪರೀಕ್ಷೆಗಳು ಮತ್ತು ಅವುಗಳ ಮಿತಿ

ಕೊಳ್ಳುವವರು ಮೊದಲು ನೋಡುವುದು ಹೊದಿಕೆಯನ್ನು: ಅಕ್ಷರಗಳ ಅಚ್ಚು, ಕಾಗುಣಿತ, ಬಣ್ಣ, ಸಂಕೇತ ಸಂಖ್ಯೆ. ಇದು ಅತ್ಯಂತ ದುರ್ಬಲ ಪರೀಕ್ಷೆ. ಮುದ್ರಣ ಅಗ್ಗವಾದ ಕಾಲದಲ್ಲಿ ಹೊದಿಕೆಯೇ ಎಲ್ಲಕ್ಕಿಂತ ಮೊದಲು ನಕಲಾಗುತ್ತದೆ. ‘ಅಸಲಿಯ ಗುರುತು ಹೀಗಿರುತ್ತದೆ’ ಎಂದು ಚಿತ್ರಸಹಿತ ಪ್ರಕಟಿಸಿದ ಮಾಹಿತಿಯನ್ನು ಗ್ರಾಹಕನಷ್ಟೇ ಶ್ರದ್ಧೆಯಿಂದ ನಕಲಿಯವನೂ ಓದುತ್ತಾನೆ. ಅಚ್ಚು ಕೆಟ್ಟಿದ್ದರೆ ನಕಲಿಯೆನ್ನಲು ಅದು ಆಧಾರವಾದೀತು; ಅಚ್ಚು ಚೆನ್ನಾಗಿದೆ ಎಂಬುದರಿಂದ ಏನೂ ಸಿದ್ಧವಾಗುವುದಿಲ್ಲ.

ಎರಡನೆಯದು ಭೂತಗನ್ನಡಿಯ ಪರೀಕ್ಷೆ. ಒಳ್ಳೆಯ ಬಿಲ್ಲೆಯ ಪದರಗಳು ಸಮಾಂತರವಾಗಿ, ಸಮ ದಪ್ಪವಾಗಿ ಕಾಣುತ್ತವೆ. ಅಂಟಿನ ಗೆರೆ ತೆಳುವಾಗಿರುತ್ತದೆ. ಪದರಗಳು ಅಲೆಯಂತೆ ಬಾಗಿದ್ದರೆ, ಅಂಟು ದಪ್ಪಗೆ ಹೊಳೆಯುತ್ತಿದ್ದರೆ, ಬಣ್ಣ ಮೇಲ್ಮೈಯಲ್ಲಷ್ಟೇ ಇದ್ದು ಒಳಗೆ ಬೇರೆಯಿದ್ದರೆ ಅನುಮಾನಕ್ಕೆ ಎಡೆಯುಂಟು. ಇದು ಹೊದಿಕೆಯ ಪರೀಕ್ಷೆಗಿಂತ ಮೇಲು. ಆದರೆ ಹೋಲಿಸಲು ಪಕ್ಕದಲ್ಲಿ ಖಚಿತವಾಗಿ ಅಸಲಿಯಾದ ಇನ್ನೊಂದು ಬಿಲ್ಲೆ ಇರಬೇಕು.

ಮೂರನೆಯದು ಕೋಲು ದುರಸ್ತಿ ಮಾಡುವವನ ಕೈಯಲ್ಲಿ ಆಗುವಂಥದು. ಅವನು ಹಳೆಯ ಚರ್ಮವನ್ನು ಕೆರೆದು, ಹೊಸ ಬಿಲ್ಲೆಯನ್ನು ಅಂಟಿಸಿ, ಲೇತ್ ಯಂತ್ರದಲ್ಲಿ ತಿರುಗಿಸಿ ಬದಿಯನ್ನು ಕೋಲಿನ ಮಟ್ಟಕ್ಕೆ ತರುತ್ತಾನೆ; ಮೇಲ್ಭಾಗವನ್ನು ಅಮೆರಿಕದ ಐದು ಅಥವಾ ಹತ್ತು ಸೆಂಟ್ ನಾಣ್ಯದ ದುಂಡಿಗೆ ಸರಿಯಾಗಿ ಉಜ್ಜುತ್ತಾನೆ. ಕಳಪೆ ಬಿಲ್ಲೆ ಈ ಹಂತದಲ್ಲಿ ಪದರ ಬಿಡಬಹುದು, ಎಳೆ ಏಳಬಹುದು. ಕೊನೆಯ ಪರೀಕ್ಷೆ ಆಟದ ಮೇಜಿನ ಮೇಲೆ. ಕೆಲವೇ ದಿನಗಳಲ್ಲಿ ಅಂಚು ಅಣಬೆಯಂತೆ ಹೊರಚಾಚುವುದು, ಮೃದುವೆಂದು ಕೊಂಡದ್ದು ಕಲ್ಲಾಗುವುದು, ಚಾಕ್ ಹಿಡಿಯದಿರುವುದು ಇವೆಲ್ಲ ಆಗ ತಿಳಿಯುತ್ತವೆ.

ಇಲ್ಲಿ ಎರಡು ತೊಡಕುಗಳಿವೆ. ನಂಬಲರ್ಹವಾದ ಪರೀಕ್ಷೆಗಳೆಲ್ಲ ವಸ್ತುವನ್ನು ಬಳಸಿದ ಮೇಲಷ್ಟೇ ಸಾಧ್ಯ. ಅಂಟಿಸಿ ಉಜ್ಜಿದ ಬಿಲ್ಲೆಯನ್ನು ಮರಳಿ ಕಳಿಸಲಾಗದು. ಅಂದರೆ ಸತ್ಯ ತಿಳಿಯುವ ಹೊತ್ತಿಗೆ ಸಾಕ್ಷ್ಯ ಕೆಟ್ಟಿರುತ್ತದೆ. ಎರಡನೆಯದಾಗಿ, ಸೋತ ಬಿಲ್ಲೆಯೆಲ್ಲ ನಕಲಿಯಲ್ಲ. ಚರ್ಮ ಪ್ರಕೃತಿಯ ವಸ್ತು. ಲೇತ್‌ನಲ್ಲಿ ಬಿಸಿ ಹೆಚ್ಚಾದರೆ, ಅಲಗು ಮೊಂಡಾಗಿದ್ದರೆ, ಅಂಟು ಸರಿಯಾಗಿ ಕೂರದಿದ್ದರೆ ಅಸಲಿ ಬಿಲ್ಲೆಯೂ ಪದರ ಬಿಡುತ್ತದೆ. ನಕಲಿ ಬಿಲ್ಲೆಯೊಂದು ಅದೃಷ್ಟವಶಾತ್ ಮೂರು ತಿಂಗಳು ಚೆನ್ನಾಗಿಯೇ ನಡೆಯಬಹುದು. ಹೀಗಾಗಿ ಗ್ರಾಹಕ ಪ್ರಾಮಾಣಿಕ ಅಂಗಡಿಯವನನ್ನು ದೂರುವುದೂ, ಮೋಸಗಾರನನ್ನು ಹೊಗಳುವುದೂ ಎರಡೂ ನಡೆಯುತ್ತವೆ. ನಡುವೆ ಸಿಕ್ಕಿಕೊಳ್ಳುವವನು ದುರಸ್ತಿಯವನು. ಗ್ರಾಹಕ ತಾನೇ ತಂದುಕೊಟ್ಟ ಬಿಲ್ಲೆ ಹಾರಿಹೋದರೂ ಅಂಟಿಸಿದವನ ಕೆಲಸದ ಮೇಲೆಯೇ ಅಪವಾದ.

ದಾರಿಯನ್ನು ಮರೆಸುವ ಮಾರುಕಟ್ಟೆ

ವಸ್ತು ತಾನಾಗಿ ಸಾಕ್ಷಿ ಹೇಳದಿದ್ದರೆ ಅದು ಬಂದ ದಾರಿಯನ್ನು ವಿಚಾರಿಸಬೇಕು. ದೊಡ್ಡ ಆನ್‌ಲೈನ್ ಮಾರುಕಟ್ಟೆಗಳ ರಚನೆ ಇದಕ್ಕೆ ಅಡ್ಡಿಯಾಗುತ್ತದೆ. ಕೆಲವೆಡೆ ಒಂದೇ ಸರಕಿನ ಪುಟದಲ್ಲಿ ಹಲವು ಮಾರಾಟಗಾರರು ಸೇರಿಕೊಳ್ಳುತ್ತಾರೆ. ಅಸಲಿ ಬಿಲ್ಲೆ ಕೊಂಡವರು ಬರೆದ ಮೆಚ್ಚುಗೆಯ ಫಲ ನಿನ್ನೆ ಬಂದ ಅಪರಿಚಿತನಿಗೂ ಸಲ್ಲುತ್ತದೆ. ‘ಕಳಿಸುವವರು’ ಮತ್ತು ‘ಮಾರುವವರು’ ಬೇರೆಬೇರೆ ಎಂಬುದು ಸಣ್ಣ ಅಕ್ಷರದಲ್ಲಿರುತ್ತದೆ. ಗೋದಾಮಿನ ಹೆಸರನ್ನೇ ಗ್ರಾಹಕ ಖಾತರಿಯೆಂದು ಭಾವಿಸುತ್ತಾನೆ. ಬೇರೆಬೇರೆ ಮಾರಾಟಗಾರರ ಒಂದೇ ಬಗೆಯ ಸರಕನ್ನು ಗೋದಾಮಿನಲ್ಲಿ ಬೆರೆಸಿಡುವ ಪದ್ಧತಿಯೂ ಅಮೆಜಾನ್‌ನಲ್ಲಿ ಬಹುಕಾಲ ಇತ್ತು. ಅದನ್ನು ಕೈಬಿಡುವುದಾಗಿ ಸಂಸ್ಥೆ 2025ರಲ್ಲಿ ಘೋಷಿಸಿತು. ಬೆರೆತ ರಾಶಿಯಲ್ಲಿ ಒಳ್ಳೆಯ ಮಾರಾಟಗಾರನನ್ನು ಆರಿಸಿಕೊಂಡವನಿಗೂ ಕೆಟ್ಟ ಸರಕು ತಲುಪಬಹುದಾಗಿತ್ತು.

ಮಾರುಕಟ್ಟೆಗಳ ಹೊಣೆಯ ಬಗ್ಗೆ ನ್ಯಾಯಾಲಯಗಳ ನಿಲುವೂ ಒಂದೇ ತೆರನಾಗಿಲ್ಲ. 2010ರಲ್ಲಿ ಟಿಫನಿ ಮತ್ತು ಈಬೇ ನಡುವಿನ ಮೊಕದ್ದಮೆಯಲ್ಲಿ ಅಮೆರಿಕದ ಮೇಲ್ಮನವಿ ನ್ಯಾಯಾಲಯ, ತನ್ನಲ್ಲಿ ನಕಲಿ ಸರಕಿದೆಯೆಂಬ ಸಾಮಾನ್ಯ ಅರಿವು ಮಾರುಕಟ್ಟೆಯನ್ನು ಹೊಣೆಗಾರನನ್ನಾಗಿಸಲು ಸಾಲದು, ನಿರ್ದಿಷ್ಟ ಸರಕಿನ ಅರಿವಿರಬೇಕು ಎಂದಿತು. 2022ರ ಡಿಸೆಂಬರಿನಲ್ಲಿ ಐರೋಪ್ಯ ಒಕ್ಕೂಟದ ನ್ಯಾಯಾಲಯ ಲೂಬುಟಾನ್ ಮತ್ತು ಅಮೆಜಾನ್ ಪ್ರಕರಣದಲ್ಲಿ ಬೇರೊಂದು ಬಾಗಿಲು ತೆರೆಯಿತು: ಮೂರನೆಯವನ ಸರಕನ್ನು ಮಾರುಕಟ್ಟೆ ತನ್ನದೇ ಸರಕಿನಂತೆ ಗ್ರಾಹಕನ ಕಣ್ಣಿಗೆ ಕಾಣುವಂತೆ ತೋರಿಸಿದರೆ, ಆ ಗುರುತನ್ನು ಮಾರುಕಟ್ಟೆಯೇ ಬಳಸಿದಂತಾಗಬಹುದು ಎಂದಿತು.

ಕಾನೂನಿನ ಹೊಸ್ತಿಲುಗಳು

ಅಮೆರಿಕದಲ್ಲಿ 2023ರ ಜೂನ್ 27ರಂದು ಜಾರಿಗೆ ಬಂದ ಇನ್‌ಫಾರ್ಮ್ ಗ್ರಾಹಕ ಕಾಯಿದೆ ಸರಿಯಾದ ದಿಕ್ಕಿನ ಹೆಜ್ಜೆ. ಹೆಚ್ಚು ವಹಿವಾಟಿನ ಮಾರಾಟಗಾರರ ಗುರುತನ್ನು ಮಾರುಕಟ್ಟೆ ಪರಿಶೀಲಿಸಬೇಕೆಂದು ಅದು ವಿಧಿಸುತ್ತದೆ. ಆದರೆ ‘ಹೆಚ್ಚು ವಹಿವಾಟು’ ಎಂದರೆ ಸತತ ಹನ್ನೆರಡು ತಿಂಗಳಲ್ಲಿ ಕನಿಷ್ಠ 200 ಮಾರಾಟ ಮತ್ತು ಕನಿಷ್ಠ 5,000 ಡಾಲರ್, ಎರಡೂ ಕೂಡಬೇಕು. ಮಾರಾಟಗಾರನ ಹೆಸರು, ವಿಳಾಸ ಗ್ರಾಹಕನಿಗೆ ಕಾಣಬೇಕಾದರೆ ವಾರ್ಷಿಕ ವಹಿವಾಟು 20,000 ಡಾಲರ್ ಮುಟ್ಟಬೇಕು.

ಲೆಕ್ಕ ಹಾಕಿ ನೋಡೋಣ. 25 ಡಾಲರಿನ ಅಸಲಿ ಬಿಲ್ಲೆಗಳನ್ನಷ್ಟೇ ಮಾರುವವನು 200 ಬಿಲ್ಲೆಗಳಿಗೆ ಮೊದಲ ಹೊಸ್ತಿಲು ತಲುಪುತ್ತಾನೆ. ಅದೇ ಹೆಸರಿನ ನಕಲಿಯನ್ನು 8 ಡಾಲರಿಗೆ ಮಾರುವವನು ಅಲ್ಲಿಗೆ ಬರಲು 625 ಬಿಲ್ಲೆ ಮಾರಬೇಕು. ಅವನ ವಿಳಾಸ ಗ್ರಾಹಕನಿಗೆ ತಿಳಿಯಬೇಕಾದರೆ 2,500 ಬಿಲ್ಲೆ. ಹಲವು ಮಾರುಕಟ್ಟೆಗಳಲ್ಲಿ ಹಲವು ಹೆಸರುಗಳಿಂದ ಹಂಚಿಕೊಂಡರೆ ಅವನು ಎಂದಿಗೂ ಹೊಸ್ತಿಲು ದಾಟಬೇಕಾಗಿಲ್ಲ. ಸರಕು ಅಗ್ಗವಾದಷ್ಟೂ ಮಾರುವವನಿಗೆ ಮರೆ ಹೆಚ್ಚು.

ಹಣ ಹಿಂಪಡೆಯುವ ಹಾದಿಯಲ್ಲೂ ಇದೇ ಕಥೆ. ಅಮೆರಿಕದ ಕ್ರೆಡಿಟ್ ಕಾರ್ಡ್ ಕಾನೂನು, ಮಾರಾಟಗಾರನ ಮೇಲಿನ ತಕರಾರನ್ನು ಬ್ಯಾಂಕಿನ ಮುಂದಿಡಲು ಕೊಡುವ ಹಕ್ಕು ಸಾಮಾನ್ಯವಾಗಿ 50 ಡಾಲರ್ ಮೀರಿದ, ಅದೇ ರಾಜ್ಯದ ಅಥವಾ ನೂರು ಮೈಲಿಯೊಳಗಿನ ಖರೀದಿಗೆ ಸೀಮಿತ. ಒಪ್ಪಿದಂತೆ ಸರಕು ಬಾರದಿದ್ದರೆ ಬಿಲ್ಲು ಬಂದ 60 ದಿನಗಳೊಳಗೆ ಲಿಖಿತ ದೂರು ಕೊಡುವ ಇನ್ನೊಂದು ದಾರಿಯಿದೆ. ಆದರೆ ಸ್ವೀಕರಿಸಿ ಬಳಸಿದ ಸರಕಿನ ಗುಣಮಟ್ಟದ ದೂರು ಅದರೊಳಗೆ ಬರುವುದಿಲ್ಲ. ಬಿಲ್ಲೆಯನ್ನು ಅಂಟಿಸದೆ ಅದರ ಗುಣ ತಿಳಿಯದು, ಅಂಟಿಸಿದರೆ ಸ್ವೀಕರಿಸಿದಂತೆ. ಬ್ಯಾಂಕುಗಳು ತಾವಾಗಿ ಉದಾರತೆ ತೋರುವುದುಂಟು, ಆದರೆ ಅದು ಹಕ್ಕಲ್ಲ. ಬ್ರಿಟನ್ನಿನಲ್ಲಿ ಕ್ರೆಡಿಟ್ ಕಾರ್ಡ್ ಸಂಸ್ಥೆಯನ್ನು ಜಂಟಿ ಹೊಣೆಗಾರನನ್ನಾಗಿಸುವ 1974ರ ಕಾಯಿದೆಯ 75ನೆಯ ಕಲಮು 100 ಪೌಂಡ್ ಮೀರಿದ ಸರಕಿಗಷ್ಟೇ ಅನ್ವಯ. ಅಲ್ಲಿನ 2015ರ ಗ್ರಾಹಕ ಹಕ್ಕುಗಳ ಕಾಯಿದೆ, ವರ್ಣನೆಗೆ ಹೊಂದದ ಸರಕನ್ನು 30 ದಿನಗಳೊಳಗೆ ತಿರಸ್ಕರಿಸುವ ಹಕ್ಕನ್ನು ಬೆಲೆಯ ಹೊಸ್ತಿಲಿಲ್ಲದೆ ಕೊಡುತ್ತದೆ. ಮಾರಾಟಗಾರ ಸಮುದ್ರದಾಚೆ ಇದ್ದರೆ ಆ ಹಕ್ಕನ್ನು ಚಲಾಯಿಸುವುದು ಕಷ್ಟ.

ಜರ್ಮನಿಯಂತಹ ದೇಶಗಳಲ್ಲಿರುವ ಓದುಗರ ಸ್ಥಿತಿ ತುಸು ಮೇಲು. 2024ರ ಫೆಬ್ರವರಿ 17ರಿಂದ ಪೂರ್ಣವಾಗಿ ಜಾರಿಯಲ್ಲಿರುವ ಐರೋಪ್ಯ ಡಿಜಿಟಲ್ ಸೇವೆಗಳ ಕಾಯಿದೆ, ತೀರಾ ಸಣ್ಣ ಮಾರುಕಟ್ಟೆಗಳನ್ನು ಬಿಟ್ಟು ಉಳಿದವು ಪ್ರತಿ ವ್ಯಾಪಾರಿಯ ಗುರುತನ್ನೂ ಮೊದಲೇ ಪಡೆಯಬೇಕೆನ್ನುತ್ತದೆ. ವ್ಯಾಪಾರಿಯ ವಹಿವಾಟು ಎಷ್ಟೆಂದು ಕೇಳುವುದಿಲ್ಲ. ಸರಕು ಕಾನೂನುಬಾಹಿರವೆಂದು ತಿಳಿದಾಗ ಹಿಂದಿನ ಆರು ತಿಂಗಳಲ್ಲಿ ಅದನ್ನು ಕೊಂಡವರಿಗೆ ಮಾರುಕಟ್ಟೆ ತಿಳಿಸಲೂಬೇಕು. ಕೋಲಿನ ತುದಿಯಂತಹ ವಸ್ತುವಿಗೆ ಇದು ಅತ್ಯಂತ ಉಪಯುಕ್ತ ವಿಧಿ. ತನ್ನ ಕೈಯನ್ನೇ ಅನುಮಾನಿಸುತ್ತ ಕುಳಿತ ಆಟಗಾರನಿಗೆ ಕಾರಣ ತಿಳಿಸುವ ಪತ್ರ ಒಂದು ಬರುತ್ತದೆ. ಭಾರತದ 2020ರ ಇ-ವಾಣಿಜ್ಯ ನಿಯಮಗಳೂ ಮಾರಾಟಗಾರನ ಹೆಸರು, ವಿಳಾಸಗಳನ್ನು ವಹಿವಾಟಿನ ಮಿತಿಯಿಲ್ಲದೆ ತೋರಿಸಬೇಕೆನ್ನುತ್ತವೆ.

ಗಡಿಯಲ್ಲೂ ಬದಲಾವಣೆಯಾಗಿದೆ. 2016ರಿಂದ 800 ಡಾಲರಿನೊಳಗಿನ ಪೊಟ್ಟಣಗಳಿಗೆ ಅಮೆರಿಕ ನೀಡುತ್ತಿದ್ದ ಸುಂಕ ವಿನಾಯಿತಿ, ಚೀನಾ ಮತ್ತು ಹಾಂಗ್‌ಕಾಂಗ್‌ನ ಸರಕಿಗೆ 2025ರ ಮೇ 2ರಿಂದಲೂ ಎಲ್ಲ ದೇಶಗಳ ಸರಕಿಗೆ ಅದೇ ವರ್ಷದ ಆಗಸ್ಟ್ 29ರಿಂದಲೂ ನಿಂತಿತು. ಒಂದೊಂದೇ ಪೊಟ್ಟಣವಾಗಿ ನುಸುಳುತ್ತಿದ್ದ ನಕಲಿಗೆ ಇದರಿಂದ ತಡೆ ಬೀಳಬಹುದು. ಆದರೆ ಜಪಾನಿನ ಅಂಗಡಿಯಿಂದ ನೇರವಾಗಿ ಅಸಲಿ ಬಿಲ್ಲೆ ತರಿಸುತ್ತಿದ್ದವನಿಗೂ ಅದೇ ಖರ್ಚು, ಅದೇ ತಡ. ಸಾವಿರ ಬಿಲ್ಲೆಗಳ ಒಂದೇ ಪೆಟ್ಟಿಗೆ ತರಿಸಿ ದೇಶದೊಳಗಿನಿಂದ ಬಿಡಿಯಾಗಿ ಮಾರುವ ನಕಲಿಯವನಿಗೆ ಈ ಹೊರೆ ಹಂಚಿಹೋಗುತ್ತದೆ. ಸುಂಕ ಅಸಲಿ, ನಕಲಿ ಎಂಬ ಭೇದ ಮಾಡುವುದಿಲ್ಲ.

ಕೊಳ್ಳುವವರು ಮಾಡಬಹುದಾದದ್ದು

ತಯಾರಕರು ತಮ್ಮ ಅಧಿಕೃತ ಮಾರಾಟಗಾರರ ಪಟ್ಟಿ ಪ್ರಕಟಿಸಿದ್ದರೆ ಅಲ್ಲಿಂದ ಆರಂಭಿಸಬೇಕು. ಮಾರುಕಟ್ಟೆಯ ಪುಟದಲ್ಲಿರುವ ‘ಅಧಿಕೃತ’ ಎಂಬ ಮಾತನ್ನು ಆ ಪಟ್ಟಿಯೊಡನೆ ತಾಳೆ ನೋಡಬೇಕು. ಇದಕ್ಕಿಂತ ಒಳ್ಳೆಯ ಹಾದಿ, ದುರಸ್ತಿ ಮಾಡುವವನಿಂದಲೇ ಬಿಲ್ಲೆಯನ್ನೂ ಕೊಳ್ಳುವುದು. ಕೆಲವು ಡಾಲರ್ ಹೆಚ್ಚಾದೀತು, ಆದರೆ ಸರಕಿನ ಹೊಣೆಯೂ ಕೆಲಸದ ಹೊಣೆಯೂ ಒಬ್ಬನಲ್ಲೇ ಸೇರುವುದರಿಂದ ಬಿಲ್ಲೆ ಹಾರಿದಾಗ ತಪ್ಪು ಯಾರದೆಂಬ ವಾದವೇ ಹುಟ್ಟುವುದಿಲ್ಲ. ಆನ್‌ಲೈನ್‌ನಲ್ಲೇ ಕೊಳ್ಳುವುದಾದರೆ ಅಂಟಿಸುವ ಮೊದಲು ಹೊದಿಕೆ, ಬಿಲ್ಲೆಯ ಬದಿ, ತಳಗಳ ಚಿತ್ರ ತೆಗೆದಿಟ್ಟು ಪೊಟ್ಟಣವನ್ನು ಕಾಪಾಡಿಕೊಳ್ಳಬೇಕು. ಅನುಮಾನ ಬಂದರೆ ಅಂಟಿಸುವ ಮುನ್ನವೇ ಮರಳಿಸಬೇಕು. ಮಾರುಕಟ್ಟೆಗೂ ತಯಾರಕನಿಗೂ ದೂರು ಬರೆಯುವುದು ವ್ಯರ್ಥವಲ್ಲ. ಟಿಫನಿ ಪ್ರಕರಣದ ತೀರ್ಪಿನಂತೆ ಮಾರುಕಟ್ಟೆಗೆ ನಿರ್ದಿಷ್ಟ ಅರಿವು ಮೂಡಿಸುವುದು ಇಂತಹ ದೂರುಗಳೇ.

ಊರಿಗೆ ಹೋಗುವಾಗ ಬಂಧುಮಿತ್ರರಿಗೆ ಇಂತಹ ಸಾಮಾನು ಒಯ್ಯುವ ರೂಢಿ ನಮ್ಮಲ್ಲಿದೆ. ಡಿಸೆಂಬರಿನ ಪ್ರಯಾಣಕ್ಕೆಂದು ಅಕ್ಟೋಬರಿನಲ್ಲಿ ಕೊಂಡ ಬಿಲ್ಲೆ ಬೆಂಗಳೂರಿನಲ್ಲಿ ಕೋಲಿಗೆ ಅಂಟುವ ಹೊತ್ತಿಗೆ ಮರಳಿಸುವ ಅವಧಿ ಮುಗಿದಿರುತ್ತದೆ. ದೂರು ಕೊಡಬೇಕಾದವರು ಒಂದು ದೇಶದಲ್ಲಿ, ಹಾಳಾದ ಬಿಲ್ಲೆ ಇನ್ನೊಂದರಲ್ಲಿ. ಸೂಟ್‌ಕೇಸಿನಲ್ಲಿ ಹೋಗುವ ವಸ್ತುವನ್ನು ಗುರುತು ಪರಿಚಯವಿರುವ ಅಂಗಡಿಯಿಂದಲೇ ಕೊಳ್ಳುವುದು ಲೇಸು.

ಇಷ್ಟೆಲ್ಲ ಎಚ್ಚರ ವಹಿಸಿದರೂ ಗ್ರಾಹಕನೊಬ್ಬನ ಜಾಣತನಕ್ಕೆ ಮಿತಿಯುಂಟು. ಒಂದು ಬಿಲ್ಲೆಗಾಗಿ ಭೂತಗನ್ನಡಿ ಹಿಡಿದು ಕೂರಬೇಕೆಂದು ಯಾರಿಗೂ ಹೇಳಲಾಗದು. ಮಾರುವವನು ಯಾರೆಂದು ತಿಳಿಸುವ ಹೊಣೆ ಮಾರುಕಟ್ಟೆಯದಾಗಬೇಕು, ಆ ಹೊಣೆಗೆ ಬೆಲೆಯ ಹೊಸ್ತಿಲು ಇರಬಾರದು. ಐರೋಪ್ಯ ಕಾನೂನು ಆ ದಿಕ್ಕಿನಲ್ಲಿ ನಡೆದಿದೆ. ಅಮೆರಿಕದ ಕಾಯಿದೆಗೆ 5,000 ಮತ್ತು 20,000 ಡಾಲರಿನ ಗೆರೆಗಳನ್ನು ಇಳಿಸುವ ತಿದ್ದುಪಡಿಯೊಂದೇ ಸಾಕು. ಅಲ್ಲಿಯವರೆಗೆ ಎಂಟು ಡಾಲರಿಗೆ ಹೆಸರಾಂತ ಬಿಲ್ಲೆ ಕಂಡಾಗ ಕೇಳಬೇಕಾದ ಪ್ರಶ್ನೆ ಒಂದೇ: ಇದನ್ನು ಮಾರುತ್ತಿರುವವರ ಹೆಸರು, ವಿಳಾಸ ನನಗೆ ಗೊತ್ತೇ? ಗೊತ್ತಿಲ್ಲದಿದ್ದರೆ, ಒಂದು ಡಾಲರಿನ ಹಳೆಯ ಒಂಟಿ ಚರ್ಮದ ಬಿಲ್ಲೆಯೇ ಮೇಲು. ಅದು ತಾನು ಏನೆಂಬುದನ್ನು ಮರೆಮಾಚುವುದಿಲ್ಲ.